ಅರ್ಧ ಕೇಜಿ

ಮುಂಡಿಗೆಹಳ್ಳ ಎಂದು ಬರೆದ ಸಿಮೆಂಟಿನ ಹಳದಿ ಬೋರ್ಡು
ಈಗ ನಮ್ಮ ಅಡುಗೆ ಕೋಣೆಯ ಕಟ್ಟೆ.
ಕಂಬದಿಂದ ಇಳಿಸಿ, ಅಂಗಾತ ಮಲಗಿಸಿ, ಮೇಲೆ ಒಲೆ ಇಟ್ಟಿದ್ದೇವೆ.
ಊರಿನ ಹೆಸರಿನ ಮೇಲೆ ದಿನಾ ಉಪ್ಪಿಟ್ಟು ಬೇಯುತ್ತದೆ;
'ಹಳ್ಳ'ದ ಹತ್ತಿರ ಮಸಿ ಜಾಸ್ತಿ.

ದೊಡ್ಡ ಹಳಿ ಬಂದಾಗ ದಾರಿ ಒಂದು ಮೈಲಿ ಆಚೆ ಸರಿಯಿತು.
ಸಣ್ಣ ಹಳಿ ಕಿತ್ತು ಲಾರಿಗೆ ಹೇರಿದರು,
ಸ್ಲೀಪರುಗಳು ಯಾರ್ಯಾರದೋ ಕೊಟ್ಟಿಗೆಗೆ ತೊಲೆಯಾದವು,
ಜಲ್ಲಿ ಪಂಚಾಯ್ತಿ ರಸ್ತೆಗೆ ಹೋಯಿತು.
ಕಟ್ಟಡ ಮಾತ್ರ ಯಾರಿಗೂ ಬೇಡವಾಗಿ
ಎಂಟು ವರ್ಷ ಬಾವಲಿಗಳ ಸುಪರ್ದಿಯಲ್ಲಿತ್ತು.
ಆಮೇಲೆ ಅಂಗನವಾಡಿ. ಆಮೇಲೆ ನಾನು,
ಪಾಯಿಂಟ್ಸ್‌ಮ್ಯಾನ್ ಹಾಲೇಶಪ್ಪನ ಮಗಳು,
ಅಪ್ಪ ಲಾಟೀನು ಸಿಕ್ಕಿಸುತ್ತಿದ್ದ ಮೊಳೆಗೆ
ಹಾಜರಿ ಪುಸ್ತಕ ನೇತುಹಾಕಿದೆ.

ಟಿಕೆಟ್ ಕಿಂಡಿಯ ಆಚೆ ಹುಚ್ಚಮ್ಮ ತಟ್ಟೆ ಹಿಡಿದು ನಿಲ್ಲುತ್ತಾಳೆ.
"ನಂಗೊಂದು, ನಂಗೊಂದು" ಎಂದು ಕೈಗಳು ತೂರುತ್ತವೆ.
ಎಲ್ಲಿಗೆ ಎಂದು ಯಾರೂ ಕೇಳುವುದಿಲ್ಲ.

ಇಲಾಖೆಯ ತಕ್ಕಡಿ ಕೆಟ್ಟು ಎರಡು ಮಳೆಗಾಲ.
ಪಾರ್ಸೆಲ್ ಕೋಣೆಯಲ್ಲಿ ಹಳೆಯದೊಂದಿತ್ತು,
ಎತ್ತಲಾಗದ್ದಕ್ಕೆ ಬಿಟ್ಟುಹೋದದ್ದು.
ಸೀಗೆಕಾಯಿ, ಬೆತ್ತದ ಕಟ್ಟು, ಜೇನಿನ ಡಬ್ಬ,
ಒಮ್ಮೆ ಗೋಣಿಯಿಂದ ಕತ್ತು ಹೊರಹಾಕಿದ ಮೇಕೆಮರಿ,
ಎಲ್ಲ ಹೊತ್ತ ಆ ಕಬ್ಬಿಣದ ಹಲಗೆಯ ಮೇಲೆ
ಮಕ್ಕಳನ್ನು ಒಬ್ಬೊಬ್ಬರಾಗಿ ನಿಲ್ಲಿಸಿದೆ.
ಮುಳ್ಳು ಎಲ್ಲಿಂದ ಹೊರಡುತ್ತದೆಂದು ನೋಡಲಿಲ್ಲ;
ಸೊನ್ನೆ ಇದ್ದ ಜಾಗವನ್ನು ತುಕ್ಕು ತಿಂದಿತ್ತು.
ಚಾರ್ಟಿನಲ್ಲಿ ಎಲ್ಲರೂ ಹಸಿರು.
ಮೇಲ್ವಿಚಾರಕಿ ವನಜಾಕ್ಷಿ ಮೇಡಂ
ತಾಲ್ಲೂಕು ಸಭೆಯಲ್ಲಿ ನನ್ನ ಹೆಸರು ಹೇಳಿದರು.

ತಶ್ರೀನಳ ಮೊಣಕೈ ಮಾತ್ರ
ಆ ಹಸಿರು ಚುಕ್ಕೆಗೆ ಒಪ್ಪುತ್ತಿರಲಿಲ್ಲ.

ಒಂದು ಮಧ್ಯಾಹ್ನ ಸೀಲು ಒಡೆಯದ ಬೆಲ್ಲದ ಚೀಲ, ಐದು ಕೇಜಿ,
ಸುಮ್ಮನೆ ಹಲಗೆಯ ಮೇಲಿಟ್ಟೆ.
ಐದೂವರೆ ತೋರಿಸಿತು.
ಹುಚ್ಚಮ್ಮನನ್ನು ಕರೆದು ಹಲಗೆ ಮಗುಚಿದೆ.
ಅಡಿಯಲ್ಲಿ, ಜೇಡರ ಬಲೆಯ ಹಿಂದೆ,
ಹಳಿಯ ಬೋಲ್ಟೊಂದು, ತಾಮ್ರದ ತಂತಿಯಲ್ಲಿ ಬಿಗಿದು.
ಗಂಟು ನೋಡಿದೆ.
ನನ್ನ ಪಾಟೀಚೀಲದ ಬಾರು ಹರಿದಾಗೆಲ್ಲ ಹಾಕಿಕೊಡುತ್ತಿದ್ದ ಗಂಟು:
ಎರಡು ಸುತ್ತು, ಒಂದು ಹಿಂದಕ್ಕೆ, ತುದಿ ಒಳಗೆ ಮಡಚಿ,
ಮಗುವಿನ ಬೆನ್ನಿಗೆ ಚುಚ್ಚದ ಹಾಗೆ.

ಮಾಸ್ತರರು ಹೇಳಿ ಕಟ್ಟಿಸಿದರೋ,
ಇವನೇ ಕಟ್ಟಿ ಅವರಿಗೆ ಪಾಲು ಕೊಟ್ಟನೋ,
ಕೇಳೋಣವೆಂದರೆ ಇಬ್ಬರೂ ಇಲ್ಲ.
ಕಾಡಿನಿಂದ ಸೀಗೆ ಹೊತ್ತು ತಂದವರ ಮೂಟೆ ಮೂಟೆಗೂ
ಇಲ್ಲದ ಅರ್ಧ ಕೇಜಿಯ ಬಾಡಿಗೆ.
ಎಷ್ಟು ವರ್ಷವೋ.
ನನ್ನ ಸ್ಲೇಟು ಅದರಲ್ಲಿತ್ತು.
ಏಳನೇ ಕ್ಲಾಸಿನ ಫೋಟೋಕ್ಕೆ ಕಟ್ಟಿಕೊಂಡ ರಿಬ್ಬನ್ನು ಅದರಲ್ಲಿತ್ತು.
ಸಾಲದ್ದಕ್ಕೆ ತಶ್ರೀನಳ ಪಾಲಿನ ಮೊಟ್ಟೆಯೂ ಈಗ
ಅದೇ ಲೆಕ್ಕಕ್ಕೆ ಜಮೆಯಾಗುತ್ತಿತ್ತು.

ತಂತಿ ಕತ್ತರಿಸಲು ಮನಸ್ಸಾಗಲಿಲ್ಲ, ಉಗುರಿನಲ್ಲಿ ಬಿಚ್ಚಿದೆ.
ಸೋಮವಾರ ಹನ್ನೊಂದು ಮಕ್ಕಳು ಹಳದಿಗೆ ಇಳಿದರು,
ಮೂವರು ಕೆಂಪಿಗೆ.
ಮೇಡಂ ಫೋನಿನಲ್ಲಿ: "ಏನ್ರೀ ಇದು,
ಶನಿವಾರ ನೆಟ್ಟಗಿದ್ದ ಮಕ್ಕಳು
ಒಂದು ಭಾನುವಾರಕ್ಕೇ ಒಣಗ್ತಾವೇನ್ರೀ?
ಕಾರಣ ಬರೆದು ಕಳಿಸಿ."

ಕಾರಣದ ಕಾಲಂ ಎರಡು ಬೆರಳಗಲ.
'ರೈಲು' ಎಂದು ಬರೆದು ಹೊಡೆದುಹಾಕಿದೆ.
'ಅಪ್ಪ' ಎಂದು ಬರೆಯಲು ಪೆನ್ನು ಊರಿದ ಚುಕ್ಕೆ ಅಲ್ಲೇ ಇದೆ.
ಕೊನೆಗೆ: ತಕ್ಕಡಿ ದೋಷ. ಸರಿಪಡಿಸಲಾಗಿದೆ.
ಹೆಚ್ಚುವರಿ ಮೊಟ್ಟೆ ಕೋರಿದೆ.

ಜಗಲಿಯಲ್ಲಿ ಹಳಿಯ ತುಂಡೊಂದು ಇನ್ನೂ ನೇತಾಡುತ್ತದೆ,
ಗಾಡಿ ಆ ಕಡೆಯ ಸ್ಟೇಷನ್ ಬಿಟ್ಟಿತೆಂದು ಬಡಿಯುತ್ತಿದ್ದದ್ದು.
ಸಲಾಕೆ ಎಂದೋ ಗುಜರಿಗೆ ಹೋಯಿತು.
ಊಟದ ಹೊತ್ತಿಗೆ ತಶ್ರೀನ್ ಈಗ
ಬೋಲ್ಟಿನಿಂದ ಹೊಡೆಯುತ್ತಾಳೆ,
ಎರಡೂ ಕೈಯಲ್ಲಿ ಹಿಡಿದು.
ಅವಳಿಗೆ ಅದು ಭಾರ.